ಮಾತು ಮೊದಲು, ಅಚ್ಚು ಆಮೇಲೆ

ಕೇಳುಗರೇ, ನಮಸ್ಕಾರ.

ನೀವು ಈಗ ಕೇಳುತ್ತಿರುವುದಕ್ಕೆ ಪ್ರಸಾರ ಅನ್ನುತ್ತೇವೆ. ಇದೇ ಪದವನ್ನು ಹೆಸರಲ್ಲಿ ಇಟ್ಟುಕೊಂಡ ಇನ್ನೊಂದು ಮನೆ ಇದೆ. ಅದು ಪುಸ್ತಕದ ಮನೆ, ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ. ಪುಸ್ತಕ ಹೊರತರುವ ವಿಭಾಗ ತಾನೇ, ಪ್ರಕಟಣಾಂಗ ಅಂತಲೇ ಕರೆಯಬಹುದಿತ್ತಲ್ವಾ? ಪ್ರಸಾರ ಅಂದದ್ದೇ ಸರಿ ಅಂತ ನನಗನಿಸುತ್ತದೆ. ಅಲ್ಲಿ ಮೊದಲು ಬಂದದ್ದು ಮಾತು. ಅಚ್ಚು ಬಂದದ್ದು ಆಮೇಲೆ.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಪಾಠ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ. ಕಂದಾಯ ಕಟ್ಟುವ ರೈತನಿಗೂ ಅಲ್ಲಿ ನಡೆಯುವ ಪಾಠಕ್ಕೂ ಏನು ಸಂಬಂಧ? ಏನೂ ಇಲ್ಲ. ಇದು ಸರಿಯಲ್ಲ ಅಂತ ಅನಿಸಿದ ಮೇಷ್ಟ್ರುಗಳು ಅಲ್ಲಿದ್ದರು. ಕನ್ನಡದಲ್ಲೇ ಎಲ್ಲವನ್ನೂ ಹೇಳಬಹುದು ಅಂತ ಹಟ ಹಿಡಿದ ಬಿ.ಎಂ. ಶ್ರೀಕಂಠಯ್ಯನವರು ಇದ್ದರು. 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳು ಶುರುವಾದವು. ಕಾಲೇಜಿನ ಮೇಷ್ಟ್ರು ಊರುಗಳಿಗೆ ಹೋಗಿ, ತಮ್ಮ ವಿಷಯವನ್ನು ಕನ್ನಡದಲ್ಲಿ, ಜನಕ್ಕೆ ತಿಳಿಯುವ ಹಾಗೆ ಹೇಳಬೇಕು. ಹೇಳಿದ್ದನ್ನೇ ಚಿಕ್ಕ ಪುಸ್ತಕ ಮಾಡುತ್ತಿದ್ದರು. ಅದೇ ಪ್ರಚಾರ ಪುಸ್ತಕಮಾಲೆ. ಜೇಬಿಗೆ ಹಿಡಿಯುವ ಪುಸ್ತಕ, ಆಣೆ ಲೆಕ್ಕದ ಬೆಲೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದೇ ದಶಕದಲ್ಲಿ, 1935ರಲ್ಲಿ, ಅದೇ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೊ ಕೇಂದ್ರ ತೆರೆದರು. ಅದರ ಹೆಸರು ಆಕಾಶವಾಣಿ. ಒಂದೇ ಊರು, ಒಂದೇ ಸ್ಟಾಫ್ ರೂಮಿನ ಜನ. ಒಬ್ಬರು ಗಾಳಿಯಲ್ಲಿ ಕಳಿಸಿದರು, ಉಳಿದವರು ಕಾಗದದ ಮೇಲೆ ಕಳಿಸಿದರು. ರೇಡಿಯೊದಲ್ಲಿ ಕೂತು ಪುಸ್ತಕದ ಬಗ್ಗೆ ಮಾತಾಡುವ ನನಗೆ ಈ ನೆಂಟಸ್ತಿಕೆ ಖುಷಿ ಕೊಡುತ್ತದೆ.

ಸರಿ, ಪುಸ್ತಕ ಮಾಡುವವರು ಬೇರೆ ಬೇಕಾದಷ್ಟು ಜನ ಇದ್ದಾರೆ. ವಿಶ್ವವಿದ್ಯಾಲಯವೇ ಯಾಕೆ ಮಾಡಬೇಕು?

ಕಲ್ಲಿನ ಮೇಲೆ ಕೆತ್ತಿದ ಹಳೆಯ ಶಾಸನಗಳನ್ನೇ ನೋಡಿ. ಶಾಸನ ವಿದ್ವಾಂಸ ಬಿ.ಎಲ್. ರೈಸ್ ಕೊಡಗಿನ ಶಾಸನಗಳನ್ನು ಅಚ್ಚು ಮಾಡಿಸಿದ್ದು 1886ರಲ್ಲಿ. ಎಪಿಗ್ರಾಫಿಯ ಕರ್ನಾಟಿಕ ಅನ್ನುವ ಶಾಸನ ಸಂಪುಟಗಳ ಮಾಲೆಯಲ್ಲಿ ಮೊದಲನೆಯದು ಅದು. ಮುಂದೆ ಅದನ್ನೆಲ್ಲ ಪರಿಷ್ಕರಿಸುವ ಕೆಲಸವನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹಿಡಿಯಿತು. 1972ರಲ್ಲಿ ಹೊಸ ಕೊಡಗು ಸಂಪುಟ ಬಂತು, ಮರುವರ್ಷ ಶ್ರವಣಬೆಳಗೊಳದ್ದು. ಒಂದು ಶಾಸನದ ಹಿಂದೆ ಎಷ್ಟು ಕೆಲಸ ಇರುತ್ತದೆ ಗೊತ್ತಾ? ಪೊದೆ ಸವರಿ ಕಲ್ಲು ಹುಡುಕಬೇಕು. ಪಾಚಿ ಹೋಗುವ ಹಾಗೆ ಉಜ್ಜಿ ತೊಳೆಯಬೇಕು. ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಗೆ ಕಾಗದ ಇಳಿಯುವ ತನಕ ಬ್ರಷ್ಷಿನಿಂದ ಬಡಿಯಬೇಕು. ಆಮೇಲೆ ಮಸಿ. ಗುಳಿ ಬೆಳ್ಳಗೆ ಉಳಿಯುತ್ತದೆ, ಸುತ್ತ ಕಪ್ಪಾಗುತ್ತದೆ. ಇದೇ ಪಡಿಯಚ್ಚು. ಓದುವುದು ಇಲ್ಲಿಂದ ಶುರು. ಒಂದು ಸವೆದ ಅಕ್ಷರ ಪ ಇರಬಹುದಾ, ವ ಇರಬಹುದಾ ಅಂತ ಸಂಜೆಯವರೆಗೂ ಜಗಳ. ಇಷ್ಟೆಲ್ಲ ಆದಮೇಲೆ ಪುಸ್ತಕ ಕೊಳ್ಳುವವರು ಎಷ್ಟು ಜನ? ಲಾಭ ನೋಡುವ ಪ್ರಕಾಶಕ ಇದಕ್ಕೆ ಕೈ ಹಾಕುವುದಿಲ್ಲ. ಅವನನ್ನು ಬೈಯುವುದೂ ತಪ್ಪು, ಅವನೂ ಹೊಟ್ಟೆ ಹೊರೆಯಬೇಕಲ್ಲ.

ನಿಘಂಟಿನದೂ ಅದೇ ಕತೆ. ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಹೊರಬಂದಿದ್ದು 1946ರಲ್ಲಿ. ಅದಕ್ಕಾಗಿ ಪಂಡಿತರು ವರ್ಷಗಟ್ಟಲೆ ದುಡಿದರು. ಆದರೆ ಇದು ಶಾಸನ ಸಂಪುಟದ ಹಾಗೆ ಬೀರುವಿನಲ್ಲಿ ಕೂರಲಿಲ್ಲ. ಮುಂದೆ ಬಂದ ಅದರ ಸಂಕ್ಷಿಪ್ತ ರೂಪ ಪತ್ರಿಕಾ ಕಚೇರಿಗಳಲ್ಲಿ, ಅನುವಾದಕರ ಮೇಜಿನ ಮೇಲೆ, ರಟ್ಟು ಕಿತ್ತು ಬರುವವರೆಗೆ ಬಳಕೆಯಾಯಿತು. ಇದೇ ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದಿದ್ದು 1969ರಲ್ಲಿ, ಎಲ್ಲ ಸೇರಿ 14 ಸಂಪುಟ. ಅದರ ಎಷ್ಟೋ ಲೇಖನಗಳನ್ನು ಈಗ ವಿಕಿಸೋರ್ಸ್ ಅನ್ನುವ ಅಂತರ್ಜಾಲದ ಪುಸ್ತಕ ಭಂಡಾರದಲ್ಲಿ ಯಾರು ಬೇಕಾದರೂ ಬಿಟ್ಟಿ ಓದಬಹುದು. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಓದಬಹುದು.

ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಪ್ರಸಾರಾಂಗ ಬಂತು, ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ಬಂತು. ಹೆಸರೂ ಅದೇ.

ಇಷ್ಟು ಹೊಗಳಿದ ಮೇಲೆ ಒಂದು ದೂರೂ ಇದೆ. ಒಂದು ವಿಶ್ವವಿದ್ಯಾಲಯದ ಪುಸ್ತಕ ಮಳಿಗೆಗೆ ಹೋಗಿದ್ದೆ, ಯಾವುದು ಅಂತ ಹೇಳುವುದಿಲ್ಲ. ಹಳೆಯ ಪುಸ್ತಕ ಕೇಳಿದರೆ "ಪ್ರತಿ ಮುಗಿದಿದೆ ಸಾರ್" ಅಂದರು. ಮರುಮುದ್ರಣ ಯಾವಾಗ? "ಫೈಲ್ ಮೇಲೆ ಹೋಗಿದೆ." ಅವರ ಹಿಂದೆಯೇ ಯಾರೂ ಕೇಳದ ಪುಸ್ತಕಗಳ ಕಟ್ಟುಗಳು, ಹುರಿ ಬಿಚ್ಚದೆ, ದೂಳು ಹೊತ್ತು ಕೂತಿದ್ದವು. ಮಾರಾಟವಾಗದ ಪುಸ್ತಕ ಅಚ್ಚು ಮಾಡುವುದು ತಪ್ಪಲ್ಲ, ಈಗ ತಾನೇ ಅದನ್ನೇ ಹೊಗಳಿದೆ. ಆದರೆ ಬಡ್ತಿಗೆ ಬೇಕು ಅಂತ ಅಚ್ಚಾದ ಪ್ರಬಂಧವೇ ಬೇರೆ, ಕಲ್ಲು ತೊಳೆದು ಮಾಡಿದ ಸಂಪುಟವೇ ಬೇರೆ. ಕೇಳಿಕೊಂಡು ಬಂದವನಿಗೆ ಕೊಡಲು ಪ್ರತಿ ಇಲ್ಲ ಅಂದಮೇಲೆ ಪ್ರಸಾರ ಎಲ್ಲಿಂದ ಬಂತು?

ನಾನು ಹುಡುಕುತ್ತಿದ್ದಂಥದೇ ಒಂದು ಪುಟ್ಟ ಪುಸ್ತಕ, ಹಳೆಯ ಮೇಷ್ಟ್ರೊಬ್ಬರ ಗಿಡಮರದ ಪಾಠ, ಕೊನೆಗೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿತು. ಒಳಪುಟದಲ್ಲಿ ನೇರಳೆ ಮಸಿಯ ಸೀಲು. 'ಗ್ರಾಮ ವಾಚನಾಲಯ' ಅನ್ನುವುದು ಮಾತ್ರ ಕಾಣುತ್ತದೆ, ಊರಿನ ಹೆಸರು ಅಳಿಸಿಹೋಗಿದೆ. ನೀರಿನಲ್ಲಿ ಬೆಳೆಯುವ ಗಿಡಗಳ ಬಗ್ಗೆ ಇರುವ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ, ಗುಂಡಗೆ, ಒತ್ತಿ ಬರೆದಿದ್ದಾರೆ: "ಇದು ನಮ್ಮ ಕೆರೆಯಲ್ಲೂ ಇದೆ."