ಎಸಳು ಅಂಟಿಸಲು ಜನ ಬೇಕಾಗಿದ್ದಾರೆ

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ರೈಸ್ತಳಲ್ಲ, ಚರಿತ್ರೆ ಓದಿದವಳೂ ಅಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು. ಮಗಳು ಇಂಗ್ಲೆಂಡಿನ ಡರ್ಬಿಶೈರ್‌ನ ಒಂದು ಸಣ್ಣ ಹಳ್ಳಿಯಲ್ಲಿದ್ದಾಳೆ. ಅಲ್ಲಿ ನಾಲ್ಕು ಬೇಸಿಗೆ ಕಳೆದಿದ್ದೇನೆ. ಮಗಳು, ಅಳಿಯ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆವರೆಗೆ ಮನೆಯಲ್ಲಿ ನಾನು, ಫ್ರಿಜ್ಜು, ಒಂದು ಕಿಟಕಿ. ಕಿಟಕಿಯಿಂದ ಚರ್ಚು ಕಾಣುತ್ತಿತ್ತು. ಬೇಜಾರು ತಡೆಯದೆ ಒಂದು ದಿನ ಅಲ್ಲಿಗೆ ನಡೆದೆ.

ಬಾಗಿಲು ತೆರೆದಿತ್ತು. ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಬಾಗಿಲ ಪಕ್ಕದ ಬೋರ್ಡಿನಲ್ಲಿ ಒಂದಷ್ಟು ಚೀಟಿಗಳಿದ್ದವು. ದೇವರ ವಾಕ್ಯ ಇರಬೇಕು ಅಂದುಕೊಂಡು ಕನ್ನಡಕ ಹಾಕಿಕೊಂಡೆ. ಹುಲ್ಲು ಕತ್ತರಿಸುವ ಸರದಿ, ಹೂವು ಜೋಡಿಸುವ ಸರದಿ, ಟೀ ಮಾಡುವ ಸರದಿ, ಹಿತ್ತಾಳೆ ಉಜ್ಜುವ ಸರದಿ! ಪ್ರತಿ ವಾರದ ಮುಂದೆ ಒಂದೊಂದು ಹೆಸರು. ಕೊನೆಯ ಚೀಟಿಯಲ್ಲಿ ಹೀಗಿತ್ತು: ಎಸಳು ಅಂಟಿಸಲು ಜನ ಬೇಕಾಗಿದ್ದಾರೆ, ಅನುಭವ ಬೇಕಿಲ್ಲ.

ಅನುಭವ ಬೇಕಿಲ್ಲ ಅಂದರೆ ನನಗೇ ಕರೆದ ಹಾಗೆ, ಅಲ್ವಾ?

ಎಸಳಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಪ್ಯಾರಿಷ್ ಅಂದರೆ ಏನು ಅಂತ ಹೇಳಬೇಕು. ಚರ್ಚಿಗೆ ಬರುವ ಜನರ ಗುಂಪೇ ಪ್ಯಾರಿಷ್ ಅಂತ ನಾನು ತಿಳಿದಿದ್ದೆ. ಅದು ಹಾಗಲ್ಲ. ಅದೊಂದು ಗಡಿ. ನೆಲದ ಮೇಲೆ ಎಳೆದ ಗೆರೆ. ಇಡೀ ಇಂಗ್ಲೆಂಡನ್ನು ಇಂಥ ಗೆರೆಗಳಿಂದ ಹಂಚಿದ್ದಾರೆ. ಹನ್ನೆರಡು ಸಾವಿರಕ್ಕೂ ಜಾಸ್ತಿ ಪ್ಯಾರಿಷ್‌ಗಳಿವೆ, ಚರ್ಚ್ ಕಟ್ಟಡಗಳು ಹದಿನಾರು ಸಾವಿರದ ಹತ್ತಿರ. ಗೆರೆಯ ಒಳಗೆ ಮನೆ ಇದ್ದರೆ ನೀವು ಆ ಪ್ಯಾರಿಷ್‌ನವರೇ. ನಂಬಿಕೆ ಕೇಳುವುದಿಲ್ಲ. ಚರ್ಚಿನ ಅಂಗಳದಲ್ಲಿ ಇನ್ನೂ ಜಾಗ ಉಳಿದಿದ್ದರೆ ಅಲ್ಲಿ ಮಣ್ಣಾಗುವ ಹಕ್ಕು ಕೂಡ ಇದೆ. ಇದು ಕಾನೂನು. ನಮ್ಮ ಮಗಳ ಮನೆಯಲ್ಲಿ ದೇವರ ಗೂಡಿನಲ್ಲಿ ರಾಘವೇಂದ್ರ ಸ್ವಾಮಿಗಳಿದ್ದಾರೆ. ಆದರೂ ಲೆಕ್ಕದಲ್ಲಿ ಅವಳು ಆ ಪ್ಯಾರಿಷ್‌ನ ಪಾದ್ರಿಯ, ಅಂದರೆ ವಿಕಾರ್ ಅಮ್ಮನವರ ಜವಾಬ್ದಾರಿ.

ವಿಕಾರ್ ಅಮ್ಮ ಅಂದೆ. ಹೌದು, ಹೆಂಗಸು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ, ಅಂದರೆ ಆ ದೇಶದ ಅಧಿಕೃತ ಚರ್ಚಿನಲ್ಲಿ, ಹೆಂಗಸರಿಗೆ ಮೊದಲು ಗುರುದೀಕ್ಷೆ ಕೊಟ್ಟಿದ್ದು 1994ರಲ್ಲಿ. ಈಕೆಗೆ ಐದು ಹಳ್ಳಿ, ಐದು ಚರ್ಚು. ಮೊದಲ ಭಾನುವಾರ ಇಲ್ಲಿ, ಎರಡನೆಯದು ಅಲ್ಲಿ. ಐದನೇ ಭಾನುವಾರ ಬಂದ ತಿಂಗಳಲ್ಲಿ ಎಲ್ಲರೂ ಒಂದೇ ಕಡೆ. ಪೂಜೆಗೆ ಬರುವವರು ಹನ್ನೆರಡೋ ಹದಿನೈದೋ ಜನ, ಹೆಚ್ಚಿನವರು ನನ್ನ ವಯಸ್ಸಿನವರು. ನನ್ನನ್ನು ನೋಡಿ ಅವರಿಗೆ ಖುಷಿಯಾಯಿತು. ಸಭೆಗೆ ಒಬ್ಬಳು ಹೊಸಬಳು ಸಿಕ್ಕಳು ಅಂತಲ್ಲ, ಟೀ ಸರದಿಗೆ ಒಂದು ಹೆಸರು ಸಿಕ್ಕಿತು ಅಂತ.

ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಹೊರಗಿನಿಂದ ನೋಡಿದರೆ ಹಳ್ಳಿಯ ಚರ್ಚು ಖಾಲಿಯಾಗುತ್ತಿದೆ. ಆದರೆ ಬೇಸಿಗೆಯಲ್ಲಿ ಅದು ಹೊರಗೆ ಬಂದು ಊರೆಲ್ಲ ಹರಡಿಕೊಳ್ಳುತ್ತದೆ. ಆಗ ನಂಬುವವರು, ನಂಬದವರು ಎಲ್ಲರ ಹೆಸರೂ ಆ ಬೋರ್ಡಿನ ಮೇಲೆ ಇರುತ್ತದೆ.

ಈಗ ಎಸಳಿಗೆ ಬರೋಣ. ಡರ್ಬಿಶೈರ್‌ನ ಆ ಭಾಗ ಸುಣ್ಣಕಲ್ಲಿನ ನೆಲ. ಮಳೆ ಎಷ್ಟು ಬಿದ್ದರೂ ಸೋಸಿ ಕೆಳಗೆ ಹೋಗುತ್ತದೆ. ಹಾಗಾಗಿ ಒರತೆ, ಬಾವಿ ಅಂದರೆ ಅಲ್ಲಿ ಪ್ರಾಣ. ಬೇಸಿಗೆಯಲ್ಲಿ ಬಾವಿಗಳಿಗೆ ಹೂವಿನ ಅಲಂಕಾರ ಮಾಡುತ್ತಾರೆ. ಟಿಸಿಂಗ್ಟನ್ ಅನ್ನುವ ಹಳ್ಳಿ ಇದಕ್ಕೆ ಹೆಸರುವಾಸಿ. ಈಸ್ಟರ್ ದಿನವನ್ನೂ ಸೇರಿಸಿ ಎಣಿಸಿದರೆ ನಲವತ್ತನೇ ದಿನ, ಯೇಸುವಿನ ಸ್ವರ್ಗಾರೋಹಣದ ಗುರುವಾರ, ಅಲ್ಲಿ ಶುರು. ಆಮೇಲೆ ಸೆಪ್ಟೆಂಬರ್‌ವರೆಗೆ ಊರಿಂದ ಊರಿಗೆ ನಡೆಯುತ್ತದೆ, ನಮ್ಮ ಕಡೆ ಜಾತ್ರೆಗಳು ಸಾಲಾಗಿ ಬರುವ ಹಾಗೆ. ಯಾಕೆ ಶುರುವಾಯಿತು ಅಂತ ಕೇಳಿದರೆ ಎರಡು ಕಥೆ ಹೇಳುತ್ತಾರೆ. 1348-49ರ ಪ್ಲೇಗಿನಲ್ಲಿ ಒಳ್ಳೆಯ ನೀರಿನಿಂದ ಊರು ಉಳಿಯಿತು ಅನ್ನುವುದು ಒಂದು. 1615ರ ಬರಗಾಲದಲ್ಲೂ ಬಾವಿಗಳು ಬತ್ತಲಿಲ್ಲ ಅನ್ನುವುದು ಇನ್ನೊಂದು. ಕ್ರೈಸ್ತ ಧರ್ಮಕ್ಕಿಂತ ಹಿಂದಿನದು ಅನ್ನುವವರೂ ಇದ್ದಾರೆ. ನನಗಂತೂ ನೋಡಿದ ಕೂಡಲೇ ಬಾಯಿಗೆ ಬಂದ ಮಾತು ಗಂಗೆಪೂಜೆ.

ಕೆಲಸ ಹೇಗೆ ಅಂತ ಕೇಳಿ. ದೊಡ್ಡ ಮರದ ಹಲಗೆಗಳು, ಬಾಗಿಲಿನಷ್ಟು ಅಗಲ, ಅಂಚಿಗೆ ಕಟ್ಟು. ಮಣ್ಣು ಹಿಡಿದುಕೊಳ್ಳಲಿ ಅಂತ ಅದರ ತುಂಬ ಮೊಳೆ ಹೊಡೆದಿರುತ್ತಾರೆ. ಅದನ್ನು ಕೆಲವು ದಿನ ಕೆರೆಯಲ್ಲಿ ನೆನೆಹಾಕುತ್ತಾರೆ. ಒಣಮರ ಮಣ್ಣಿನ ನೀರನ್ನೆಲ್ಲ ಹೀರಿಬಿಡುತ್ತದಲ್ಲ, ಅದಕ್ಕೆ. ಜೇಡಿಮಣ್ಣಿಗೆ ನೀರು, ಉಪ್ಪು ಹಾಕಿ ಕಾಲಿನಿಂದ ತುಳಿಯುತ್ತಾರೆ. ಉಪ್ಪು ತೇವ ಹಿಡಿದಿಡುತ್ತದೆ. ಚರ್ಚ್‌ವಾರ್ಡನ್, ಅಂದರೆ ನಮ್ಮ ದೇವಸ್ಥಾನದ ಧರ್ಮದರ್ಶಿ ಇದ್ದ ಹಾಗೆ, ಆತ ಪ್ಯಾಂಟು ಮಡಚಿಕೊಂಡು ಟಬ್ಬಿನೊಳಗೆ ನಿಂತು ತುಳಿಯುತ್ತಿದ್ದರು. ಕಾಲು ಕೆಸರು, ಕೈಯಲ್ಲಿ ಟೀ ಕಪ್ಪು.

ಹಲಗೆಗೆ ಮಣ್ಣು ಮೆತ್ತಿ ನುಣ್ಣಗೆ ಮಾಡಿದ ಮೇಲೆ ಚಿತ್ರ ಬರೆದ ಕಾಗದ ಹಾಸಿ, ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಕಾಗದ ತೆಗೆದರೆ ಮಣ್ಣಿನ ಮೇಲೆ ಚುಕ್ಕಿಗಳು. ನನಗೆ ನಗು ಬಂತು. ಚುಕ್ಕಿ ಇಟ್ಟು ಗೆರೆ ಎಳೆಯುವುದನ್ನು ನನಗೆ ಇವರು ಕಲಿಸಬೇಕೇ? ಗೆರೆಗೆ ಆಲ್ಡರ್ ಮರದ ಪುಟ್ಟ ಕಪ್ಪು ಕಾಯಿ, ಕೆಲವು ಊರಲ್ಲಿ ಹುರಿದ ಕಾಫಿ ಬೀಜ. ಆಮೇಲೆ ಪಾಚಿ, ಎಲೆ, ಬೀಜ. ಕೊನೆಗೆ ಎಸಳು, ಯಾಕೆಂದರೆ ಬೇಗ ಬಾಡುವುದು ಅದೇ. ಆಕಾಶಕ್ಕೆ ನೀಲಿ ಬೇಕು ಅಂದರೆ ಹೈಡ್ರಾಂಜಿಯಾ.

ನಾನು ಹುಮ್ಮಸ್ಸಿನಲ್ಲಿ ಮೇಲಿನಿಂದ ಶುರು ಮಾಡಿದೆ. ಒಂದು ಮನೆಯ ಚಾವಣಿ ಇತ್ತು ಚಿತ್ರದಲ್ಲಿ, ಅಂಗೈಯಗಲ. ಒಂದು ಗಂಟೆ ಬೆನ್ನು ಬಗ್ಗಿಸಿ ಕೂತು ಮುಗಿಸಿದೆ. ಪಕ್ಕದಲ್ಲಿದ್ದ ಎಂಬತ್ತು ದಾಟಿದ ಅಜ್ಜಿ ನೋಡಿ ‘ಲವ್ಲಿ’ ಅಂದರು. ಮಾರನೇ ದಿನ ಹೋದರೆ ನನ್ನ ಚಾವಣಿ ಮಾಯ! ಹೊಸದಾಗಿ ಅಂಟಿಸಿದ್ದಾರೆ. ಅಜ್ಜಿಯನ್ನೇ ಕೇಳಿದೆ. ಆಗ ಗೊತ್ತಾಯಿತು, ಎಸಳನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಬೇಕು. ಒಂದರ ತುದಿಯ ಮೇಲೆ ಇನ್ನೊಂದು ಕೂರಬೇಕು, ಮಂಗಳೂರು ಹೆಂಚಿನ ಹಾಗೆ. ಇಲ್ಲದಿದ್ದರೆ ಮೊದಲ ಮಳೆಗೇ ನೀರು ಒಳಗೆ ಇಳಿದು ಎಲ್ಲ ಕಿತ್ತುಬರುತ್ತದೆ. ನಾನು ಹಾಕಿದ್ದು ತಲೆಕೆಳಗಾದ ಹೆಂಚು. ಬಾಯಲ್ಲಿ ತಪ್ಪು ಅನ್ನದೆ ಕೈಯಲ್ಲಿ ತಿದ್ದುವುದು ಅಲ್ಲಿಯವರ ಪದ್ಧತಿ. ನಮ್ಮ ಅತ್ತೆ ಆಗಿದ್ದರೆ ಅಲ್ಲೇ, ಆಗಲೇ, ಎಲ್ಲರೆದುರು ಹೇಳುತ್ತಿದ್ದರು. ಯಾವುದು ಒಳ್ಳೆಯದು ಅಂತ ನನಗೆ ಈಗಲೂ ತೀರ್ಮಾನವಾಗಿಲ್ಲ.

ಶನಿವಾರ ಹಲಗೆಗಳನ್ನು ಬಾವಿಯ ಮೇಲೆ ನಿಲ್ಲಿಸಿದರು. ಬ್ಯಾಂಡು, ಮಕ್ಕಳು, ವಿಕಾರ್ ಬಿಳಿ ನಿಲುವಂಗಿಯಲ್ಲಿ ಬಂದು ನೀರನ್ನು ಆಶೀರ್ವದಿಸಿದರು. ಒಂದು ವಾರ ಇರುತ್ತದೆ, ಆಮೇಲೆ ಬಾಡುತ್ತದೆ, ಇಳಿಸುತ್ತಾರೆ. ಅಷ್ಟೇ. ಅಷ್ಟು ಕೆಲಸ ಒಂದು ವಾರಕ್ಕಾ ಅಂತ ಅಳಿಯ ಕೇಳಿದ. ರಂಗೋಲಿ ಹಾಕುವವರ ಮನೆಯಲ್ಲಿ ಹುಟ್ಟಿಲ್ಲ ಪಾಪ.

ಮೇ ತಿಂಗಳಲ್ಲೇ ಇನ್ನೊಂದು ಅತಿಥಿ ಬರುತ್ತದೆ, ಸ್ವಿಫ್ಟ್. ನಮಗೆ ಸ್ವಿಫ್ಟ್ ಅಂದರೆ ಮಾರುತಿ ಕಾರು. ಇದು ಹಕ್ಕಿ, ಕುಡುಗೋಲಿನ ಆಕಾರದ ರೆಕ್ಕೆ, ಆಫ್ರಿಕಾದಿಂದ ಬಂದು ಚರ್ಚಿನ ಗೋಪುರದ ಸಂದಿನಲ್ಲಿ ಗೂಡು ಮಾಡುತ್ತದೆ. ಆಗಸ್ಟ್ ಮೊದಲ ವಾರದ ಹೊತ್ತಿಗೆ ಹೊರಟೇಬಿಡುತ್ತದೆ. ಇದನ್ನು ಮೊದಲು ಗಮನವಿಟ್ಟು ನೋಡಿದವರಲ್ಲಿ ಒಬ್ಬರು ಚರ್ಚಿನವರೇ. ಹ್ಯಾಂಪ್‌ಶೈರ್‌ನ ಸೆಲ್ಬೋರ್ನ್ ಹಳ್ಳಿಯ ಗಿಲ್ಬರ್ಟ್ ವೈಟ್, 1720ರಲ್ಲಿ ಹುಟ್ಟಿದವರು. ತಮ್ಮ ಊರಿಗೆ ಪ್ರತಿ ವರ್ಷ ಎಂಟೇ ಜೋಡಿ ಬರುತ್ತವೆ, ಅದರಲ್ಲಿ ಅರ್ಧದಷ್ಟು ಚರ್ಚಿನಲ್ಲೇ ಇರುತ್ತವೆ ಅಂತ ಎಣಿಸಿ ಬರೆದಿಟ್ಟಿದ್ದಾರೆ. ಹಳ್ಳಿ ಪಾದ್ರಿಗೆ ಆ ಕಾಲದಲ್ಲಿ ಬಿಡುವು ಇತ್ತು. ಐದು ಚರ್ಚು ಓಡಾಡುವ ನಮ್ಮ ವಿಕಾರ್ ಅಮ್ಮನಿಗೆ ಹಕ್ಕಿ ಎಣಿಸಲು ಪುರಸೊತ್ತೆಲ್ಲಿ? ಆ ಕೆಲಸ ಈಗ ಒಬ್ಬ ನಿವೃತ್ತ ಮೇಷ್ಟ್ರದು. ಅವರು ಪೂಜೆಗೆ ಬರುವುದಿಲ್ಲ. ದೇವರಿಲ್ಲ ಅನ್ನುವವರು. ಆದರೆ ಗೋಪುರದ ಬೀಗದ ಕೈ ಅವರ ಹತ್ತಿರವೇ ಇದೆ.

ಹುಲ್ಲಿನ ಜಗಳವೂ ಅವರಿಂದಲೇ. ಸಮಾಧಿಗಳ ನಡುವಿನ ಹುಲ್ಲನ್ನು ಜುಲೈವರೆಗೆ ಕತ್ತರಿಸಬಾರದು, ಕಾಡುಹೂವು ಬೀಜ ಕಟ್ಟಲಿ, ಜೇನು ಬರಲಿ ಅಂತ ಇವರ ವಾದ. ಇಂಥ ಅಂಗಳಗಳನ್ನು ಉತ್ತಿಲ್ಲ, ಗೊಬ್ಬರ ಸುರಿದಿಲ್ಲ, ಹಾಗಾಗಿ ಹಳೆಯ ಹುಲ್ಲುಗಾವಲಿನ ಗಿಡಗಳು ಅಲ್ಲಿ ಉಳಿದಿವೆ. ಇನ್ನೊಂದು ಕಡೆ, ಗಂಡನನ್ನು ಅಲ್ಲೇ ಮಣ್ಣು ಮಾಡಿದ ಹೆಂಗಸು. ‘ನನ್ನ ಯಜಮಾನರ ಕಲ್ಲು ಕಾಣಿಸುತ್ತಿಲ್ಲ, ಸೊಂಟದೆತ್ತರ ಹುಲ್ಲು ಬೆಳೆದಿದೆ.’ ಇಬ್ಬರದೂ ಸರಿ ಅನಿಸಿತು. ಕೊನೆಗೆ ಆಕೆಯ ಯಜಮಾನರ ಕಲ್ಲಿಗೆ ಹೋಗಲು ಹುಲ್ಲಿನ ನಡುವೆ ಒಂದು ಕಾಲುದಾರಿ ಕತ್ತರಿಸಿಕೊಟ್ಟರು. ಅದಕ್ಕೂ ಒಂದು ಸರದಿ ಚೀಟಿ ಬಂತು.

ಜುಲೈನಲ್ಲಿ ಫೇಟ್. ಅದನ್ನು ಊರ ಸಂತೆ ಅನ್ನಿ. ಚಾವಣಿ ಸೋರುತ್ತದೆ, ಡಯಾಸಿಸ್‌ಗೆ, ಅಂದರೆ ಬಿಷಪ್ಪರ ಆಡಳಿತಕ್ಕೆ, ಪ್ರತಿ ವರ್ಷ ಪ್ಯಾರಿಷ್ ಕಟ್ಟಬೇಕಾದ ಪಾಲು ಇದೆ, ದುಡ್ಡು ಬೇಕು. ಹಳೆ ಪುಸ್ತಕ, ಸಸಿ, ಲಾಟರಿ ಚೀಟಿ, ತೆಂಗಿನಕಾಯಿಗೆ ಚೆಂಡು ಹೊಡೆಯುವ ಆಟ. ತೆಂಗಿನಕಾಯಿಗೆ ಹೊಡೆಯುವುದನ್ನು ನೋಡಿ ನನ್ನ ಹೊಟ್ಟೆ ಉರಿಯಿತು, ಅಲ್ಲಿ ಒಂದು ಕಾಯಿಯ ರೇಟು ಗೊತ್ತಲ್ಲ. ಕೇಕ್ ಟೇಬಲ್ಲಿಗೆ ನಾನು ಮೈಸೂರು ಪಾಕ್ ಮಾಡಿಕೊಟ್ಟೆ. ತುಪ್ಪ ನೋಡಿ ಮೊದಲು ಹೆದರಿದರು, ಆಮೇಲೆ ತಟ್ಟೆ ಖಾಲಿ. ಮಳೆ ಬಂತು, ಟೆಂಟಿನೊಳಗೆ ಎಲ್ಲರೂ ಒತ್ತಿಕೊಂಡು ನಿಂತೆವು. ಜುಲೈ 15 ಸಂತ ಸ್ವಿದಿನ್ ಹಬ್ಬ. ಅವತ್ತು ಮಳೆ ಬಂದರೆ ನಲವತ್ತು ದಿನ ಬಿಡುವುದಿಲ್ಲ ಅಂತ ನಂಬಿಕೆ. ನಮ್ಮ ಆರಿದ್ರಾ, ಪುನರ್ವಸು ಲೆಕ್ಕ ಹೇಳಿದೆ. ಆ ಮೇಷ್ಟ್ರು ಮಾತ್ರ ನೋಟ್‌ಬುಕ್ ತೆಗೆದು ಬರೆದುಕೊಂಡರು.

ಸುಗ್ಗಿ ಹಬ್ಬದ ವಿಷಯ ಒಂದು ಮಾತು. ನಮ್ಮಲ್ಲಿ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆಯ ಚರ್ಚುಗಳಲ್ಲಿ ಬೆಳೆ ತಂದು ಒಪ್ಪಿಸಿ, ಕುಂಬಳಕಾಯಿ, ಕೋಳಿ ಹರಾಜು ಹಾಕುತ್ತಾರಲ್ಲ, ನೋಡಿರಬಹುದು. ಚರ್ಚಿನಲ್ಲಿ ಸುಗ್ಗಿಯ ಪೂಜೆ ಈಗಿನ ರೂಪಕ್ಕೆ ಬಂದದ್ದು ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಹಳ್ಳಿಯ ಪಾದ್ರಿ ಹಾಕರ್ 1843ರಲ್ಲಿ ಶುರು ಮಾಡಿದ ಮೇಲೆ ಅನ್ನುತ್ತಾರೆ. 1947ರಲ್ಲಿ ಹಲವು ಪಂಗಡಗಳು ಕೂಡಿ ನಮ್ಮ ದಕ್ಷಿಣ ಭಾರತ ಸಭೆ ಆದಾಗ ಸೇರಿದವರಲ್ಲಿ ಆಂಗ್ಲಿಕನ್ನರೂ ಇದ್ದರು, ನಂಟು ಅಲ್ಲಿಯದು ಇರಬಹುದು. ಹರಾಜಿನ ಗಮ್ಮತ್ತು ಮಾತ್ರ ನಮ್ಮದೇ ಜಾಸ್ತಿ. ಅಲ್ಲಿ ನನ್ನ ಹಳ್ಳಿಯಲ್ಲಿ ಡಬ್ಬಿ ಆಹಾರ ಕಟ್ಟಿ ಬಡವರಿಗೆ ಕಳಿಸುತ್ತಾರೆ, ಗಲಾಟೆಯೇ ಇಲ್ಲ.

ಗಡಿ ಅಂದೆನಲ್ಲ, ಅದಕ್ಕೆ ವಾಪಸ್ ಬರುತ್ತೇನೆ. ಸ್ವರ್ಗಾರೋಹಣಕ್ಕೆ ಮುಂಚಿನ ಭಾನುವಾರದ ಸುಮಾರಿಗೆ ಪ್ಯಾರಿಷ್ ಗಡಿ ಸುತ್ತುವ ಪದ್ಧತಿ ಇದೆ. ಬೆಳೆಗೆ ಪ್ರಾರ್ಥನೆ ಮಾಡುತ್ತಾ, ಕೋಲಿನಿಂದ ಗಡಿಕಲ್ಲಿಗೆ ತಟ್ಟುತ್ತಾ ನಡೆಯುತ್ತಾರೆ. ನಕ್ಷೆ ಇಲ್ಲದ ಕಾಲದಲ್ಲಿ ಹುಡುಗರ ತಲೆಯನ್ನು ಕಲ್ಲಿಗೆ ಮುಟ್ಟಿಸುತ್ತಿದ್ದರಂತೆ, ಜನ್ಮದಲ್ಲಿ ಮರೆಯಬಾರದು ಅಂತ. ನಾನು ತಮಾಷೆ ಅಂದುಕೊಂಡಿದ್ದೆ. ಈಮ್‌ಗೆ ಹೋದ ಮೇಲೆ ತಮಾಷೆ ಅನಿಸಲಿಲ್ಲ.

ಈಮ್ ಅದೇ ಡರ್ಬಿಶೈರ್‌ನ ಹಳ್ಳಿ. 1665ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಿಂದ ಬಂದ ಬಟ್ಟೆಯ ಗಂಟಿನ ಜೊತೆ ಪ್ಲೇಗ್ ಬಂತು ಅಂತ ಹೇಳುತ್ತಾರೆ. ಮಾರನೇ ಬೇಸಿಗೆಗೆ ಅದು ಉರಿಯತೊಡಗಿತು. ಪಾದ್ರಿ ವಿಲಿಯಂ ಮಾಂಪೆಸನ್‌ಗೆ ಇನ್ನೂ ಮೂವತ್ತು ಆಗಿರಲಿಲ್ಲ. ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಗೂ ಅವರಿಗೂ ಮತದ ವಿಷಯದಲ್ಲಿ ಹೊಂದಾಣಿಕೆ ಇಲ್ಲ. ಆದರೂ ಇಬ್ಬರೂ ಸೇರಿ ಊರನ್ನು ಒಪ್ಪಿಸಿದರು: ಗಡಿ ದಾಟುವುದು ಬೇಡ. ಚರ್ಚಿಗೆ ಬೀಗ ಹಾಕಿ ಕಕ್ಲೆಟ್ ಡೆಲ್ಫ್ ಅನ್ನುವ ಬಯಲು ಕಣಿವೆಯಲ್ಲಿ ಪೂಜೆ ಮಾಡಿದರು. ಕುಟುಂಬಗಳು ದೂರ ದೂರ ನಿಂತವು. ಹೊರಗಿನವರು ಗಡಿಯಲ್ಲಿ ಆಹಾರ ಇಟ್ಟು ಹೋಗುತ್ತಿದ್ದರು. ಇವರು ರೋಗ ಅಂಟದಿರಲಿ ಅಂತ ಗಡಿಕಲ್ಲಿನಲ್ಲಿದ್ದ ಗುಳಿಗಳಲ್ಲಿ ವಿನಿಗರ್ ಹಾಕಿ ಅದರಲ್ಲಿ ಕಾಸು ಇಡುತ್ತಿದ್ದರು. ಆ ಗುಳಿಗಳು ಈಗಲೂ ಇವೆ. ನಾನು ಬೆರಳು ಹಾಕಿ ನೋಡಿದೆ, ಅಂಚು ಸವೆದು ನುಣ್ಣಗಾಗಿದೆ.

ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಆ ಆಗಸ್ಟ್‌ನಲ್ಲಿ ಎಂಟು ದಿನದಲ್ಲಿ ಗಂಡ ಮತ್ತು ಆರು ಮಕ್ಕಳನ್ನು ತಾನೇ ಮಣ್ಣು ಮಾಡಿದಳು. ಮಾಂಪೆಸನ್‌ರ ಹೆಂಡತಿ ಕ್ಯಾಥರೀನ್ ತೀರಿಕೊಂಡದ್ದೂ ಅದೇ ತಿಂಗಳು. ಒಟ್ಟು 260 ಜನ ಸತ್ತರು ಅಂತ ಲೆಕ್ಕ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ನಮ್ಮವರು ಉಲ್ಟಾ ಮಾಡಿದರು. ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆಯಲ್ಲ. ಅವರು ಗಡಿಯೊಳಗೆ ಉಳಿದರು, ನಾವು ಹೊರಗೆ ನಡೆದೆವು.

ಈಗ ಪ್ರತಿ ವರ್ಷ ಆಗಸ್ಟ್‌ನ ಕೊನೆಯ ಭಾನುವಾರ ಅದೇ ಕಣಿವೆಗೆ ನಡೆದುಹೋಗಿ ಬಯಲಲ್ಲಿ ಪೂಜೆ ಮಾಡುತ್ತಾರೆ. ಅದೇ ಹೊತ್ತಿಗೆ ಈಮ್‌ನ ಬಾವಿಗಳ ಹೂವಿನ ಅಲಂಕಾರವೂ ಇರುತ್ತದೆ. ನಾನು ಹೋದ ವರ್ಷ ಜನ ಮಡಚುವ ಕುರ್ಚಿ, ಟೀ ಫ್ಲಾಸ್ಕು, ನಾಯಿ ಎಲ್ಲ ತಂದಿದ್ದರು. ಪ್ರಾರ್ಥನೆಯ ನಡುವೆ ಒಂದು ನಾಯಿ ಬೊಗಳಿತು, ಯಾರೂ ತಿರುಗಿ ನೋಡಲಿಲ್ಲ.

ನನ್ನ ಫೋನಿನಲ್ಲಿ ಒಂದಷ್ಟು ಫೋಟೋ ಇದೆ, ಕೈಯಿಂದ ಕೈಗೆ ದಾಟಿಸಿ. ನಮ್ಮ ಹಳ್ಳಿಯ ಬಾವಿಯ ಹಲಗೆ ಕೊನೆಯಲ್ಲಿದೆ. ಚಾವಣಿ ನನ್ನದಲ್ಲ, ಹೇಳಿದೆನಲ್ಲ. ಎಡಗಡೆ ಕೆಳಗೆ ನೀಲಿ ಅಂಚು ಸ್ವಲ್ಪ ಸೊಟ್ಟ ಕಾಣುತ್ತದೆ, ಅದು ನಂದು. ಅದನ್ನು ಅಜ್ಜಿ ಹಾಗೇ ಬಿಟ್ಟಿದ್ದರು.