ನಿಮ್ಮ ಬೀದಿಯ ವಾಚನಾಲಯದಲ್ಲಿ ಈ ತಿಂಗಳು ಏನಿದೆ?

ಕೇಳುಗರಿಗೆಲ್ಲ ನಮಸ್ಕಾರ.

ಹತ್ತಿರ ಒಂದು ಪೆನ್ನು, ಒಂದು ಚೀಟಿ ಇಟ್ಟುಕೊಳ್ಳಿ. ನಡುನಡುವೆ ಕೆಲವು ತಾರೀಕು ಹೇಳುತ್ತೇನೆ, ಬರೆದುಕೊಂಡರೆ ಉಪಯೋಗಕ್ಕೆ ಬರುತ್ತದೆ.

ಮುಂಬೈ ಕನ್ನಡಿಗರಿಗೆ ಕಾರ್ಯಕ್ರಮಗಳಿಗೇನೂ ಬರ ಇಲ್ಲ. ಮಾಟುಂಗ ಸ್ಟೇಷನ್ನಿನ ಪೂರ್ವಕ್ಕೆ ಬಂದರೆ 1926ರಿಂದ ನಡೆದು ಬಂದಿರುವ ಮೈಸೂರು ಅಸೋಸಿಯೇಷನ್ ಇದೆ, ಪಶ್ಚಿಮಕ್ಕೆ ಇಳಿದರೆ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಇದೆ. ನಾಟಕ, ದತ್ತಿ ಉಪನ್ಯಾಸ, ಪುಸ್ತಕ ಬಿಡುಗಡೆ, ಯಕ್ಷಗಾನ, ತಾಳಮದ್ದಳೆ ಒಂದಲ್ಲ ಒಂದು ಕಡೆ ನಡೆಯುತ್ತಲೇ ಇರುತ್ತದೆ. ಅದರ ಸುದ್ದಿ ನಮಗೆ ಫೋನಿನಲ್ಲೇ ಬರುತ್ತದೆ, ಗೊತ್ತಿರುವವರೇ ಕಳಿಸುತ್ತಾರೆ. ಆದರೆ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ವಾಚನಾಲಯದಲ್ಲಿ ಈ ಶನಿವಾರ ಏನು ನಡೆಯುತ್ತದೆ ಅಂತ ಕೇಳಿ ನೋಡಿ, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅಲ್ಲಿ ಬಾಗಿಲ ಪಕ್ಕದಲ್ಲೇ ಒಂದು ಕರಿಹಲಗೆ ಇರುತ್ತದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ದಿನಾಂಕ, ವೇಳೆ, ಯಾರ ಮಾತು, ಎಲ್ಲ ಬರೆದಿರುತ್ತಾರೆ. ಮರಾಠಿಯಲ್ಲಿ ಇರುತ್ತದೆ ಅಂತ ನಾವು ಓದದೆ ಮುಂದೆ ಹೋಗುತ್ತೇವೆ. ಇಷ್ಟು ವರ್ಷ ಇಲ್ಲೇ ಇದ್ದು, ಬಸ್ಸಿನ ಬೋರ್ಡು ಓದಿ, ತರಕಾರಿ ಚೌಕಾಶಿ ಮಾಡಿ, ಮಕ್ಕಳ ಶಾಲೆಯಲ್ಲಿ ಮರಾಠಿ ಮಾತಾಡಿದ ನಮಗೆ ಆ ಹಲಗೆ ಓದುವುದು ಕಷ್ಟ ಅಲ್ಲವೇ ಅಲ್ಲ.

ಮೊದಲು ಈ ವಾಚನಾಲಯಗಳು ಹೇಗೆ ನಡೆಯುತ್ತವೆ ಅಂತ ಸ್ವಲ್ಪ ಹೇಳಬೇಕು, ಯಾಕಂದರೆ ನಮ್ಮೂರಿನ ಕ್ರಮ ಬೇರೆ, ಇಲ್ಲಿನ ಕ್ರಮ ಬೇರೆ. ಕರ್ನಾಟಕದಲ್ಲಿ 1965ರ ಕಾಯ್ದೆ ಇದೆ. ಅಲ್ಲಿ ನಾವು ಕಟ್ಟುವ ಮನೆ ತೆರಿಗೆಯ ಜೊತೆಗೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಅಂತ ಸೇರುತ್ತದೆ, ಗ್ರಂಥಾಲಯವನ್ನು ಇಲಾಖೆಯೇ ನಡೆಸುತ್ತದೆ. ಮಹಾರಾಷ್ಟ್ರದ ಕಾಯ್ದೆ 1967ರದ್ದು. ಇಲ್ಲಿ ಗ್ರಂಥಾಲಯಕ್ಕೆ ಅಂತ ಬೇರೆ ಕರ ಇಲ್ಲ. ಇಲ್ಲಿನ ಹೆಚ್ಚಿನ ವಾಚನಾಲಯಗಳನ್ನು ಊರಿನ ಜನ, ಸಣ್ಣಪುಟ್ಟ ಸಂಸ್ಥೆಗಳು ಕಟ್ಟಿ ನಡೆಸುತ್ತವೆ. ಪುಸ್ತಕ ಎಷ್ಟಿದೆ, ಸದಸ್ಯರು ಎಷ್ಟು ಜನ, ಪತ್ರಿಕೆ ಎಷ್ಟು ತರಿಸುತ್ತಾರೆ ಅಂತ ನೋಡಿ ಸರ್ಕಾರ ಅವುಗಳಿಗೆ ಅ, ಬ, ಕ, ಡ ಅಂತ ದರ್ಜೆ ಕೊಡುತ್ತದೆ. ದರ್ಜೆ ನೋಡಿ ಅನುದಾನ. ಹೀಗೆ ಮಾನ್ಯತೆ ಪಡೆದ ವಾಚನಾಲಯಗಳು ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಇವೆ. ಅಂದರೆ ನೀವು ಸದಸ್ಯರಾಗಿ ಹೆಸರು ಬರೆಸಿದರೆ ಆ ವಾಚನಾಲಯಕ್ಕೆ ನಿಜವಾದ ಬಲ ಬರುತ್ತದೆ. ನಿಮ್ಮ ಡಿಪಾಸಿಟ್ಟು, ತಿಂಗಳ ವರ್ಗಣಿ ಅಂದರೆ ಚಂದಾ, ಸಣ್ಣ ಮೊತ್ತ. ಆದರೆ ಅವರ ಸದಸ್ಯರ ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾಗುತ್ತದಲ್ಲ, ಅದು ಅವರಿಗೆ ಬೇಕಾಗಿರುವುದು.

ವಾಚನಾಲಯ ಕಟ್ಟಿ ನಡೆಸುವ ಈ ಜನರ ಹಠ ಎಷ್ಟು ಹಳೆಯದು ನೋಡಿ. ಧೋಬಿ ತಲಾವ್‌ನ ಪೀಪಲ್ಸ್ ಫ್ರೀ ರೀಡಿಂಗ್ ರೂಮ್ 1845ರದ್ದು. ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರದ್ದು. ಠಾಣೆಯ ಮರಾಠಿ ಗ್ರಂಥಸಂಗ್ರಹಾಲಯ 1893ರಲ್ಲಿ ಶುರುವಾಯಿತು, ಮುಂಬೈ ಮರಾಠಿ ಗ್ರಂಥಸಂಗ್ರಹಾಲಯ 1898ರಲ್ಲಿ. ಠಾಣೆ, ಕಲ್ಯಾಣ, ಡೊಂಬಿವಲಿ ಕಡೆ ನಮ್ಮವರು ಎಷ್ಟು ಜನ ಇದ್ದಾರೆ! ಆ ಬಾಗಿಲುಗಳು ನಮಗೂ ತೆರೆದೇ ಇವೆ.

ಈಗ ಚೀಟಿ ತೆಗೆದುಕೊಳ್ಳಿ.

ಆಗಸ್ಟ್ 12 ಗ್ರಂಥಪಾಲಕರ ದಿನ, ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಹುಟ್ಟುಹಬ್ಬ. ರಂಗನಾಥನ್ ತಮಿಳುನಾಡಿನಲ್ಲಿ ಹುಟ್ಟಿದವರು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಆ ದಿನ ನಿಮ್ಮ ವಾಚನಾಲಯಕ್ಕೆ ಹೋಗಿ ಅಲ್ಲಿ ಕೂತಿರುವ ತಾಯಿಯನ್ನೋ ಕಾಕಾನನ್ನೋ ಮಾತಾಡಿಸಿ. ಬಹಳ ಕಡಿಮೆ ಸಂಬಳಕ್ಕೆ ದುಡಿಯುವ ಜನ ಅವರು. ಅಕ್ಟೋಬರ್ 15 ಅಬ್ದುಲ್ ಕಲಾಂ ಅವರ ಹುಟ್ಟುಹಬ್ಬ. ಮಹಾರಾಷ್ಟ್ರದಲ್ಲಿ ಅದನ್ನು ವಾಚನ ಪ್ರೇರಣಾ ದಿನ ಅಂತ ಮಾಡುತ್ತಾರೆ. ಶಾಲೆ, ವಾಚನಾಲಯ ಎರಡು ಕಡೆಯೂ ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತಾರೆ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಫೆಬ್ರವರಿ 27 ಮರಾಠಿ ಕವಿ ಕುಸುಮಾಗ್ರಜರ ಜನ್ಮದಿನ, ಮರಾಠಿ ಭಾಷಾ ಗೌರವ ದಿನ. ಏಪ್ರಿಲ್ 23 ವಿಶ್ವ ಪುಸ್ತಕ ದಿನ. ಇವಲ್ಲದೆ ಜಿಲ್ಲೆಗೊಂದು ಗ್ರಂಥೋತ್ಸವ ಆಗುತ್ತದೆ. ಅದರ ಮೊದಲ ದಿನ ಗ್ರಂಥದಿಂಡಿ ಹೊರಡುತ್ತದೆ, ಪಲ್ಲಕ್ಕಿಯಲ್ಲಿ ಪುಸ್ತಕ ಇಟ್ಟು ಮೆರವಣಿಗೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಖಂಡಿತ ಖುಷಿಪಡುತ್ತಾರೆ.

ಜನವರಿ ಕೊನೆಗೋ ಫೆಬ್ರವರಿ ಮೊದಲಿಗೋ ಕಾಲಾಘೋಡಾ ಕಲಾ ಉತ್ಸವ ಇದೆಯಲ್ಲ, ಅದರ ಸಾಹಿತ್ಯದ ಗೋಷ್ಠಿಗಳು ಡೇವಿಡ್ ಸಸೂನ್ ಗ್ರಂಥಾಲಯದ ಹಿಂದಿನ ತೋಟದಲ್ಲಿ ನಡೆಯುತ್ತವೆ. ಆ ಕಟ್ಟಡ 1870ರದ್ದು. ಟಿಕೆಟ್ಟು ಇಲ್ಲ, ಸುಮ್ನೆ ಹೋಗಿ ಕೂರಬಹುದು. ಅಂದಹಾಗೆ, ಡೊಂಬಿವಲಿಯ ಪೈ ಫ್ರೆಂಡ್ಸ್ ಲೈಬ್ರರಿಯವರು ಪುಸ್ತಕ ಅದಲುಬದಲಿನ ಮೇಳ ಮಾಡುತ್ತಾರೆ. ನೀವು ಓದಿ ಮುಗಿಸಿದ ಪುಸ್ತಕ ಕೊಟ್ಟು ಬೇರೊಬ್ಬರು ಓದಿ ಮುಗಿಸಿದ್ದನ್ನು ತರಬಹುದು. ಮನೆಯ ಕಪಾಟು ತುಂಬಿ, ಹೊಸದಕ್ಕೆ ಜಾಗ ಇಲ್ಲದ ಒಂದು ಕೋಣೆಯ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ.

ದೀಪಾವಳಿಯ ವಿಷಯ ಬೇರೆಯೇ ಹೇಳಬೇಕು. ಮರಾಠಿಯವರ ದಿವಾಳಿ ಅಂಕಗಳ ಪರಂಪರೆ 1909ರಲ್ಲಿ ಮನೋರಂಜನ ಪತ್ರಿಕೆಯಿಂದ ಶುರುವಾಯಿತು. ನಮ್ಮಲ್ಲೂ ದೀಪಾವಳಿ, ಯುಗಾದಿ ವಿಶೇಷಾಂಕ ಬರುತ್ತವೆ, ಆದರೆ ಇವರ ಸಂಖ್ಯೆ ಬಹಳ ದೊಡ್ಡದು, ವರ್ಷಕ್ಕೆ ನೂರಾರು ಅಂಕ. ಎಲ್ಲವನ್ನೂ ಕೊಂಡು ಓದಲು ಯಾರಿಗೆ ಆಗುತ್ತದೆ? ಅದಕ್ಕೆ ವಾಚನಾಲಯಗಳು ಒಂದು ಯೋಜನೆ ಮಾಡುತ್ತವೆ. ಒಂದಿಷ್ಟು ಹಣ ಕಟ್ಟಿದರೆ ಕೆಲವು ತಿಂಗಳ ಕಾಲ ಒಂದು ಅಂಕ ಕೊಟ್ಟು ಇನ್ನೊಂದು ತರಬಹುದು. ಹಬ್ಬ ಮುಗಿದ ಮೇಲೆ ವಾಚನಾಲಯದಲ್ಲಿ ಇದಕ್ಕೇ ಸಾಲು ನಿಲ್ಲುತ್ತದೆ. ಈ ಏರ್ಪಾಡು ನೋಡಿದಾಗಲೆಲ್ಲ ನನಗೆ ಅನ್ನಿಸುವುದು, ಅದೇ ಮೇಜಿನ ಮೇಲೆ ನಮ್ಮ ನಾಲ್ಕು ಕನ್ನಡ ವಿಶೇಷಾಂಕಗಳೂ ಯಾಕೆ ಇರಬಾರದು? ಒಂದೊಂದು ಮನೆ ಒಂದೊಂದು ಅಂಕ ಕೊಟ್ಟರೂ ಸಾಕು, ಏರಿಯಾದ ಎಲ್ಲ ಕನ್ನಡ ಮನೆಗೂ ಅಷ್ಟೂ ಅಂಕ ಓದಲು ಸಿಗುತ್ತವೆ.

ಇಲ್ಲಿ ಒಂದು ಬೇಸರದ ಸಂಗತಿ ಹೇಳಲೇಬೇಕು. ಉಪನಗರದ ಒಂದು ವಾಚನಾಲಯಕ್ಕೆ ಹೋದಾಗ ಕನ್ನಡ ಪುಸ್ತಕ ಇದೆಯಾ ಅಂತ ಕೇಳಿದೆ. ಇತ್ತು, ಅಂದರು. ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಒಂದು ಬೀರು ತುಂಬ ಪುಸ್ತಕವನ್ನು ಹಗ್ಗ ಕಟ್ಟಿ, ಕಂತೆ ಮಾಡಿ, ಮೆಟ್ಟಿಲ ಕೆಳಗೆ ಇಟ್ಟಿದ್ದರು. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಹೊತ್ತಿಗೆಯ ಹಿಂಬದಿಯಲ್ಲಿ ತಾರೀಕಿನ ಚೀಟಿ ಅಂಟಿಸಿರುತ್ತಾರಲ್ಲ, ಅದನ್ನು ತೆಗೆದು ನೋಡಿದೆ. ಒಂದು ಕಾಲದಲ್ಲಿ ವಾರ ವಾರ ಠಸ್ಸೆ ಬಿದ್ದಿತ್ತು, ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ಅವರನ್ನು ಬೈದು ಪ್ರಯೋಜನ ಇಲ್ಲ. ಜಾಗ ಅನ್ನುವುದು ಈ ಊರಿನಲ್ಲಿ ಎಷ್ಟು ದುಬಾರಿ ಅಂತ ನಮಗೆ ಗೊತ್ತೇ ಇದೆ, ಕೇಳುವವರಿಲ್ಲದ ಪುಸ್ತಕಕ್ಕೆ ಯಾರು ಎಷ್ಟು ದಿನ ಜಾಗ ಕೊಟ್ಟಾರು? ಆದರೂ ಆ ಕಂತೆ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಠಸ್ಸೆ ಬೀಳಿಸಿದವರು ಯಾರು ಅಂತ ಯೋಚಿಸಿ. ಹಗಲು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮಾಡಿದ ಹುಡುಗರು. ನಮ್ಮ ಜಾತಿ ಸಂಘಗಳು, ಕನ್ನಡ ಸಂಸ್ಥೆಗಳು ನಡೆಸಿದ ಆ ರಾತ್ರಿಶಾಲೆಗಳಲ್ಲಿ ಬಹಳಷ್ಟು ಈಗ ಮುಚ್ಚಿವೆ. ಆ ಹುಡುಗರು ಈಗ ಅಜ್ಜಂದಿರು. ಮೀರಾ ರೋಡಿನಲ್ಲೋ ನಾಲಾಸೋಪಾರಾದಲ್ಲೋ ಮಗನ ಮನೆಯಲ್ಲಿ ಇದ್ದಾರೆ. ಕಾಲು ನೋವು, ಲೋಕಲ್ ಹತ್ತಿ ಮಾಟುಂಗಕ್ಕೆ ಬರಲು ಆಗುವುದಿಲ್ಲ. ಮನೆ ಹತ್ತಿರದ ವಾಚನಾಲಯದ ಬೆಂಚು, ಒಂದು ಕನ್ನಡ ಪತ್ರಿಕೆ, ಮಾತಿಗೆ ಇಬ್ಬರು ಜೊತೆಗಾರರು, ಅವರಿಗೆ ಬೇಕಾಗಿರುವುದು ಇಷ್ಟೇ.

ಕನ್ನಡ ಪುಸ್ತಕ ಮುಂಬೈಗೆ ಬರುವುದೇ ಇಲ್ಲ ಅಂತ ಅಂದುಕೊಳ್ಳಬೇಡಿ. 1954ರ ಒಂದು ಕೇಂದ್ರ ಕಾಯ್ದೆ ಇದೆ. ಅದರ ಪ್ರಕಾರ ದೇಶದಲ್ಲಿ ಯಾವ ಭಾಷೆಯ ಪುಸ್ತಕ ಅಚ್ಚಾದರೂ ಪ್ರಕಾಶಕರು 30 ದಿನದೊಳಗೆ, ತಮ್ಮದೇ ಖರ್ಚಿನಲ್ಲಿ, ನಾಲ್ಕು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಕೋಲ್ಕತ್ತಾ, ಚೆನ್ನೈ, ದಿಲ್ಲಿ, ನಾಲ್ಕನೆಯದು ನಮ್ಮ ಮುಂಬೈನ ಸೆಂಟ್ರಲ್ ಲೈಬ್ರರಿ. ಫೋರ್ಟ್‌ನಲ್ಲಿ ಬಿಳಿ ಕಂಬಗಳ, ಎತ್ತರ ಮೆಟ್ಟಿಲುಗಳ ಟೌನ್ ಹಾಲ್ ಇದೆಯಲ್ಲ, 1833ರಲ್ಲಿ ಕಟ್ಟಿ ಮುಗಿಸಿದ್ದು, ಏಷ್ಯಾಟಿಕ್ ಸೊಸೈಟಿ ಅನ್ನುವ ಹಳೆಯ ವಿದ್ವತ್ ಸಂಸ್ಥೆ ಇರುವುದು, ಅದೇ ಕಟ್ಟಡದಲ್ಲಿ ಈ ಲೈಬ್ರರಿಯೂ ಇದೆ. ಎಲ್ಲ ಪ್ರಕಾಶಕರೂ ಕಾಯ್ದೆ ಪಾಲಿಸುವುದಿಲ್ಲ, ತಪ್ಪಿದರೆ ದಂಡ ಬರೀ 50 ರೂಪಾಯಿ ಮತ್ತು ಪುಸ್ತಕದ ಬೆಲೆ. ಆದರೂ ಧಾರವಾಡದಲ್ಲೋ ಪುತ್ತೂರಿನಲ್ಲೋ ಅಚ್ಚಾದ ಪುಸ್ತಕದ ಒಂದು ಪ್ರತಿ ಮುಂಬೈಗೆ ಬರಬೇಕು ಅನ್ನುವುದು ಕಾನೂನು. ಏಷ್ಯಾಟಿಕ್ ಸೊಸೈಟಿಗೂ ನಮಗೂ ಹಳೆಯ ನಂಟಿದೆ. ಧಾರವಾಡ, ಬಿಜಾಪುರ, ಬೆಳಗಾವಿ, ಉತ್ತರ ಕನ್ನಡ ಎಲ್ಲ ಮುಂಬೈ ಆಡಳಿತದಲ್ಲಿದ್ದ ಕಾಲದಲ್ಲಿ ಜೆ. ಎಫ್. ಫ್ಲೀಟ್ ಅನ್ನುವ ಬ್ರಿಟಿಷ್ ಅಧಿಕಾರಿ ಸಾಹೇಬರು ಕನ್ನಡ ನಾಡಿನ ಶಾಸನಗಳನ್ನು ಓದಿ ಇದೇ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದರು.

ಸರಿ, ನಾವು ಏನು ಮಾಡಬಹುದು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮನೆ ಖಾಲಿ ಮಾಡುವಾಗ ಹಳೆಯ ಪುಸ್ತಕದ ರಾಶಿಯನ್ನು ವಾಚನಾಲಯದ ಬಾಗಿಲಲ್ಲಿ ತಂದು ಹಾಕುವುದು ದಾನ ಅಲ್ಲ. ಅದೇ ಪುಸ್ತಕಗಳು ಮೆಟ್ಟಿಲ ಕೆಳಗೆ ಹೋಗುತ್ತವೆ. ಓದುವವರು ಮೊದಲು ಬರಬೇಕು, ಪುಸ್ತಕ ಆಮೇಲೆ. ನಿಮ್ಮ ಏರಿಯಾದಲ್ಲಿ ಕನ್ನಡ ಓದುವ ಐದಾರು ಮನೆ ಸೇರಿ ಸದಸ್ಯರಾಗಿ. ಸದಸ್ಯರು ಸಲಹೆ ಬರೆಯುವ ಸೂಚನೆ ಪುಸ್ತಕ ಕೇಳಿ, ಅದರಲ್ಲಿ ಕನ್ನಡ ದಿನಪತ್ರಿಕೆ ಬೇಕು ಅಂತ ಬರೆದು ಎಲ್ಲರೂ ಸಹಿ ಹಾಕಿ. ಬಾಯಲ್ಲಿ ಕೇಳಿದ್ದು ಮರೆತುಹೋಗುತ್ತದೆ, ಬರೆದದ್ದು ಕಮಿಟಿಯ ಮುಂದೆ ಹೋಗುತ್ತದೆ.

ಆಮೇಲೆ ಕಾರ್ಯಕ್ರಮ. ನವೆಂಬರ್ ಒಂದಕ್ಕೆ ನಾವು ರಾಜ್ಯೋತ್ಸವ ಮಾಡುತ್ತೇವೆ, ನಮ್ಮದೇ ಹಾಲಿನಲ್ಲಿ, ನಮ್ಮವರೇ ಕೂತು. ಅದು ಬೇಕು, ನಡೆಯಲಿ. ಅದರ ಜೊತೆಗೆ ಎರಡು ವಾರ ಬಿಟ್ಟು ಬರುವ ಗ್ರಂಥಾಲಯ ಸಪ್ತಾಹದಲ್ಲಿ ಒಂದು ಸಂಜೆಯನ್ನು ಕೇಳಿಕೊಳ್ಳಿ. ಅಲ್ಲಿ ಒಂದು ಕನ್ನಡ ಕಥೆ ಓದಿ, ಅದರ ಮರಾಠಿ ಅನುವಾದವನ್ನೂ ಓದಿಸಿ. ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಕನ್ನಡಕ್ಕೆ ಹೋಗಿರುವ ಪುಸ್ತಕಗಳು ಬೇಕಾದಷ್ಟಿವೆ. ನಮ್ಮ ಲೇಖಕರನ್ನು ಪ್ರೀತಿಯಿಂದ ಓದುವ ಮರಾಠಿಯವರು ಇದ್ದಾರೆ, ನೀವು ಹೋದರೆ ಅವರೇ ನಿಮಗೆ ಪುಸ್ತಕದ ಹೆಸರು ಹೇಳುತ್ತಾರೆ.

ಮಕ್ಕಳ ವಿಷಯದಲ್ಲಿ ಬಹಳ ಜನ ತಾಯಂದಿರು ಒಂದೇ ಮಾತು ಹೇಳುತ್ತಾರೆ. ಮಗು ಕನ್ನಡ ಮಾತಾಡುತ್ತದೆ, ಅಕ್ಷರ ಬರುವುದಿಲ್ಲ. ಇಂಥ ಮಕ್ಕಳಿಗೆ ಅಕ್ಷರಮಾಲೆಗಿಂತ ಮೊದಲು ಕಥೆ ಬೇಕು. ವಾಚನಾಲಯದ ಬಾಲ ವಿಭಾಗದಲ್ಲಿ ತಿಂಗಳಿಗೊಂದು ಭಾನುವಾರ ಅರ್ಧ ಗಂಟೆ ಜಾಗ ಕೇಳಿ, ಒಬ್ಬ ಅಜ್ಜಿ ಕೂತು ಕಥೆ ಹೇಳಲಿ. ಬೇಸಿಗೆ ರಜೆಗೆ ಊರಿಗೆ ಹೋದಾಗ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೂ ಕರೆದುಕೊಂಡು ಹೋಗಿ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಮೇ ತಿಂಗಳಲ್ಲಿ ಮಕ್ಕಳ ಶಿಬಿರ ಇರುತ್ತದಾ ಅಂತ ವಿಚಾರಿಸಿ. ಅತ್ತೆ ಮನೆಯ ಅಂಗಳದಲ್ಲಿ ಫೋನು ಹಿಡಿದು ಕೂರುವ ಹುಡುಗ ಅಲ್ಲಿನ ಹುಡುಗರ ಜೊತೆ ಕೂತು ಓದಲಿ.

ಕಾಲೇಜು ಮಕ್ಕಳಿಗೆ ಇನ್ನೊಂದು ಸುದ್ದಿ. ಬಹಳ ವಾಚನಾಲಯಗಳಲ್ಲಿ ಅಭ್ಯಾಸಿಕಾ ಇರುತ್ತದೆ, ಪರೀಕ್ಷೆಗೆ ಓದುವವರ ಕೋಣೆ. ಚಾಳಿನ ಮನೆಯಲ್ಲಿ ಟಿವಿ, ನೆಂಟರು, ಕುಕ್ಕರು ಎಲ್ಲದರ ನಡುವೆ ಓದುವ ಮಕ್ಕಳಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ಹೇಳಬೇಕಾಗಿಲ್ಲ. ಬೇಡಿಕೆ ಜಾಸ್ತಿ, ಪರೀಕ್ಷೆ ಹತ್ತಿರ ಬಂದಾಗ ಜಾಗ ಸಿಗುವುದಿಲ್ಲ. ಮೊದಲೇ ಹೋಗಿ ಹೆಸರು ಕೊಡಿ.

ಹೋಗುವಾಗ ಆಧಾರ್ ಕಾರ್ಡಿನ ಪ್ರತಿ, ವಿಳಾಸದ ಪುರಾವೆ, ಎರಡು ಫೋಟೋ ಜೊತೆಗಿರಲಿ. ವಾರದ ರಜೆ ಯಾವ ದಿನ ಅಂತ ಮೊದಲು ಕೇಳಿಕೊಳ್ಳಿ, ಒಂದೊಂದು ಕಡೆ ಒಂದೊಂದು ದಿನ. ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುವವರೂ ಇದ್ದಾರೆ, ಬಿಸಿಲಲ್ಲಿ ನಡೆದು ಹೋಗಿ ಬೀಗ ನೋಡಿ ಬರುವುದು ಬೇಡ. ಹೆಸರು ಬರೆಸುವಾಗ ಅರ್ಜಿಯಲ್ಲಿ ಯಾವ ಭಾಷೆಯ ಪುಸ್ತಕ ಬೇಕು ಅಂತ ಕೇಳುವ ಸಾಲು ಇದ್ದರೆ ಮರಾಠಿ, ಕನ್ನಡ ಎರಡನ್ನೂ ಬರೆಯಿರಿ. ಆ ಸಾಲು ಇಲ್ಲದಿದ್ದರೆ ಕೆಳಗೆ ಖಾಲಿ ಜಾಗದಲ್ಲಿ ಬರೆಯಿರಿ.

ನಮಸ್ಕಾರ.