ಸೆನ್ಸರಿಗೂ ವಯಸ್ಸಾಗುತ್ತದೆ

ಕೇಳುಗರಿಗೆಲ್ಲ ನಮಸ್ಕಾರ.

ನೀರಿನಡಿ ಉಸಿರಾಡಲು ಹೊತ್ತೊಯ್ಯುವ ಸ್ಕೂಬಾ ಸಿಲಿಂಡರಿನಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ಅನಲೈಸರ್ ನಿಮ್ಮಲ್ಲಿ ಇದ್ದೇ ಇರುತ್ತದೆ. ಅದರೊಳಗಿನ ಪುಟ್ಟ ಸೆನ್ಸರಿನ ಮೇಲೆ ತಾರೀಖು ಬರೆದಿದ್ದೀರಾ? ಇಲ್ಲವಾದರೆ ಈ ಹತ್ತು ನಿಮಿಷ ನಿಮಗಾಗಿಯೇ.

ಸೆನ್ಸರ್ ಎಂದರೆ ಒಂದು ಬ್ಯಾಟರಿ, ಅಷ್ಟೇ. ಒಳಗೆ ಸೀಸ, ಜೊತೆಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಕ್ಷಾರದ್ರವ, ಮುಂದೆ ಒಂದು ತೆಳು ಪೊರೆ. ಪೊರೆ ದಾಟಿ ಬಂದ ಆಮ್ಲಜನಕ ಸೀಸವನ್ನು ತಿನ್ನುತ್ತದೆ, ವಿದ್ಯುತ್ ಹುಟ್ಟುತ್ತದೆ. ಆಮ್ಲಜನಕ ಹೆಚ್ಚಿದಷ್ಟೂ ಮಿಲಿವೋಲ್ಟ್ ಹೆಚ್ಚು. ನೀವು ಡೈವಿಗೆ ಹೋಗಿ, ಬಿಡಿ. ಅದು ಗಾಳಿಯಲ್ಲಿ ಸುಮ್ಮನೆ ಕೂತಿದ್ದರೂ ಸೀಸ ಸವೆಯುತ್ತಲೇ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದರ ಕಥೆ ಮುಗಿಯಿತು. "ವರ್ಷಕ್ಕೆ ನಾಲ್ಕೇ ಸಲ ಬಳಸಿದ್ದೇನೆ ಸಾರ್" ಅನ್ನುವವರಿಗೆ ನನ್ನ ಉತ್ತರ ಒಂದೇ: ತಾರೀಖು ನೋಡಿ.

ನನ್ನದೇ ಕಥೆ ಹೇಳುತ್ತೇನೆ. ದೋಣಿಯ ಮೇಲೆ ನಾಲ್ಕು ಜನ ಇದ್ದೆವು. ನನ್ನ ಅನಲೈಸರನ್ನು ಗಾಳಿಗೆ ಹಿಡಿದೆ, ತಿರುಪು ತಿರುಗಿಸಿ 20.9ಕ್ಕೆ, ಅಂದರೆ ಗಾಳಿಯಲ್ಲಿರುವ ಆಮ್ಲಜನಕದ ಶೇಕಡಾ ಪ್ರಮಾಣಕ್ಕೆ ತಂದೆ. ಒಪ್ಪವಾಗಿ ನಿಂತಿತು. ಸಿಲಿಂಡರಿಗೆ ಹಿಡಿದೆ: 32. ನೈಟ್ರಾಕ್ಸ್ ಅಂದರೆ ಆಮ್ಲಜನಕ ಹೆಚ್ಚಿಸಿದ ಗಾಳಿ; ಅದು ಶೇಕಡಾ ಮೂವತ್ತೆರಡಿದ್ದರೆ 33 ಮೀಟರ್ ಆಳದವರೆಗೆ ಹೋಗಬಹುದು. ಸ್ಲೇಟಿನ ಮೇಲೆ ಬರೆದೂ ಆಯಿತು. ನನ್ನ ಜೊತೆಯವಳು ಸ್ವಲ್ಪ ಅನುಮಾನದ ಹೆಣ್ಣು, ಅದು ನನ್ನ ಪುಣ್ಯ. ತನ್ನ ಅನಲೈಸರ್ ತಂದು ಅದೇ ಸಿಲಿಂಡರಿಗೆ ಹಿಡಿದಳು: 36. ನಾನು ನಕ್ಕೆ. "ನಿನ್ನದು ಕೆಟ್ಟಿದೆ" ಎಂದೆ. ಅವಳು ನಗಲಿಲ್ಲ. ದೋಣಿಯಲ್ಲಿ ತುರ್ತಿಗೆಂದು ಇಟ್ಟಿದ್ದ ಶುದ್ಧ ಆಮ್ಲಜನಕದ ಬಾಟಲಿ ತೆಗೆದು ಎರಡಕ್ಕೂ ಹಿಡಿದಳು. ಅವಳದು ನೂರರ ಹತ್ತಿರ ಹೋಯಿತು. ನನ್ನದು ಅರವತ್ತರ ಹತ್ತಿರ ಏದುಸಿರು ಬಿಟ್ಟು ನಿಂತಿತು!

36ರ ಗ್ಯಾಸಿಗೆ 28 ಮೀಟರೇ ಮಿತಿ. ನಾನು ಅದನ್ನು ಹೊತ್ತು 33ಕ್ಕೆ ಇಳಿಯಲು ಹೊರಟಿದ್ದೆ. ಅತಿ ಆಮ್ಲಜನಕದಿಂದ ನೀರಿನಡಿ ಫಿಟ್ಸ್ ಬಂದರೆ ಬಾಯಿಂದ ಉಸಿರಾಟದ ರೆಗ್ಯುಲೇಟರ್ ಜಾರುತ್ತದೆ. ಮುಂದಿನದನ್ನು ನಾನು ಹೇಳಬೇಕಿಲ್ಲ.

ಗಾಳಿಯಲ್ಲಿ 20.9 ಸರಿಯಾಗಿ ತೋರಿಸಿತಲ್ಲ? ಮುದಿ ಎತ್ತು ಸಮತಟ್ಟಾದ ದಾರಿಯಲ್ಲಿ ಗಾಡಿ ಎಳೆಯುತ್ತದೆ, ಏರು ಬಂದಾಗ ಮಂಡಿಯೂರುತ್ತದೆ. ಹಾಗೇ ಇದೂ. ಆಮೇಲೆ ಸೆನ್ಸರ್ ಬಿಚ್ಚಿ ನೋಡಿದರೆ ಅದಕ್ಕೆ ನಾಲ್ಕು ವರ್ಷ ದಾಟಿತ್ತು. ಬರೆದಿಟ್ಟಿದ್ದರೆ ಗೊತ್ತಾಗುತ್ತಿತ್ತು. ಆದ್ದರಿಂದ ಹೇಳುತ್ತಿದ್ದೇನೆ, ತಾರೀಖು ಬರೆಯಿರಿ.

ಹೊಸದು ತಂದ ದಿನವೇ ಮಲ್ಟಿಮೀಟರಿನಲ್ಲಿ ಗಾಳಿಗೆ ಎಷ್ಟು ಮಿಲಿವೋಲ್ಟ್ ಎಂದು ನೋಡಿ, ತಾರೀಖಿನ ಪಕ್ಕ ಅದನ್ನೂ ಬರೆಯಿರಿ. ಗಾಳಿಯಲ್ಲಿ 10 ಬಂದರೆ ಶುದ್ಧ ಆಮ್ಲಜನಕದಲ್ಲಿ 48ರ ಆಸುಪಾಸು ಬರಬೇಕು. ಬರದಿದ್ದರೆ ಬದಲಿಸಿ. ಚರ್ಚೆ ಬೇಡ.

ಇನ್ನು ಇಡುವುದು ಎಲ್ಲಿ? ಪ್ರತಿ ಸಲವೂ ಫ್ರಿಜ್ಜಿನ ಪ್ರಶ್ನೆ ಬರುತ್ತದೆ. ಬೇಡ ಸ್ವಾಮಿ! ಫ್ರೀಜರಿನಲ್ಲಿಟ್ಟರಂತೂ ಒಳಗಿನ ದ್ರವ ಹೆಪ್ಪುಗಟ್ಟಿ ಸೆನ್ಸರ್ ಹಾಳಾಗಬಹುದು. ತಣ್ಣಗಿನಿಂದ ಹೊರತೆಗೆದರೆ ಪೊರೆಯ ಮೇಲೆ ಹನಿ ಕೂರುತ್ತದೆ, ಲೆಕ್ಕ ತಪ್ಪುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ. ಮನೆಯೊಳಗೆ, ಒಣಗಿದ, ನೆರಳಿನ ಜಾಗ ಸಾಕು. ಸಾರಜನಕ ತುಂಬಿದ ಚೀಲದಲ್ಲಿ ಮಲಗಿಸುವವರೂ ಇದ್ದಾರೆ; ಎಬ್ಬಿಸುವಾಗ ಅದು ಎಚ್ಚರಾಗಲು ಹೊತ್ತು ತೆಗೆದುಕೊಳ್ಳುತ್ತದೆ, ನಿಮ್ಮ ಡೈವಿಗೂ ತಡ. ಎರಡು ಮೂರು ಸೆನ್ಸರ್ ಒಟ್ಟಿಗೆ ಕೊಂಡು ಕಪಾಟಿನಲ್ಲಿ ಕೂಡಿಡಲೂಬೇಡಿ, ಅಲ್ಲಿಯೂ ವಯಸ್ಸಾಗುತ್ತದೆ.

ಪೊರೆಯನ್ನು ಬೆರಳಿನಿಂದ ಮುಟ್ಟಬೇಡಿ, ಒರೆಸಬೇಡಿ. ಗ್ಯಾಸ್ ಮೆಲ್ಲಗೆ ಬಿಡಿ, ರಭಸವಾಗಿ ಊದಿದರೆ ಒತ್ತಡ ಸೇರಿ ತೋರಿಸುವ ಅಂಕಿ ಏರುತ್ತದೆ. ಸೆನ್ಸರ್ ಸೋರಿ ಕೈಗೆ ಸಾಬೂನಿನಂತೆ ಜಾರುವ ದ್ರವ ತಾಗಿದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಿರಿ, ಅದು ಚರ್ಮ ಸುಡುವ ಕ್ಷಾರ.

ಸಮಯ ಆಯಿತೆಂದು ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಹಳೆಯ ಸೆನ್ಸರನ್ನು ಮನೆಯ ಕಸಕ್ಕೆ ಎಸೆಯಬೇಡಿ, ಒಳಗೆ ಸೀಸವಿದೆ. ಹೊಸದನ್ನು ಹಾಕುವ ಮುಂಚೆ ಅಳಿಸದ ಶಾಯಿಯ ಪೆನ್ನು ಹುಡುಕಿಟ್ಟುಕೊಳ್ಳಿ. ನಮಸ್ಕಾರ.